ಸೂರ್ಯನ ಎಕ್ಸ್‌ರೇಗೆ ಯಾವ ಡಿಟೆಕ್ಟರ್? ದಾವಣಗೆರೆಯ ಲ್ಯಾಬಿನಲ್ಲಿ ಕೂತು ಆರಿಸುವವರಿಗೆ

ಚಳ್ಳಕೆರೆ ಪಕ್ಕದ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ಕುಳಿಗಳಂಥ ಹೊಂಡ ತೋಡಿ ಲ್ಯಾಂಡರ್‌ನ ಸೆನ್ಸರ್‌ಗಳನ್ನು ಪರೀಕ್ಷಿಸಿತ್ತು. ಅದೇ ಸೀಮೆಯ ಡಿಆರ್‌ಡಿಒ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ಇಸ್ರೊದ ರೆಕ್ಕೆಯ ಮರುಬಳಕೆ ವಾಹನ ಮೊದಲ ಸಲ ತಾನಾಗಿಯೇ ಇಳಿಯಿತು. ಇದನ್ನೆಲ್ಲ ಹತ್ತಿರದಿಂದ ಕೇಳಿಸಿಕೊಂಡ ನಮ್ಮ ಕಡೆಯ ಎಂಜಿನಿಯರಿಂಗ್, ಎಂಎಸ್ಸಿ ಹುಡುಗರು ತಾವೂ ಏನಾದರೂ ಹಾರಿಸಬೇಕು ಅನ್ನುತ್ತಾರೆ. ಆದಿತ್ಯ-ಎಲ್1 ಹೋದ ಮೇಲಂತೂ ಎಲ್ಲರಿಗೂ ಸೂರ್ಯನೇ ಬೇಕು.

ಆಮೇಲೆ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. "ಸರ್, ಏಪ್ರಿಲ್ ಬಿಸಿಲು ಹೀಗೆ ಸುಡುತ್ತದಲ್ಲ, ದುರ್ಗದ ಕೋಟೆ ಮೇಲೆ ಹೋಗಿ ಡಿಟೆಕ್ಟರ್ ಹಿಡಿದರೆ ಎಕ್ಸ್‌ರೇ ಸಿಗಲ್ವಾ?" ಸಿಗಲ್ಲ. ನಮ್ಮ ತಲೆ ಮೇಲಿರುವ ಗಾಳಿಯ ಒಟ್ಟು ತೂಕ ಹತ್ತು ಮೀಟರ್ ಆಳದ ನೀರಿಗೆ ಸಮ. ಅದನ್ನು ದಾಟಿ ಸೂರ್ಯನ ಎಕ್ಸ್‌ರೇ ಕೆಳಗೆ ಬರುವುದೇ ಇಲ್ಲ. ಕೋಟೆ ಹತ್ತಿದರೂ ಅಷ್ಟೇ, ಬಾಬಾಬುಡನ್‌ಗಿರಿ ಹತ್ತಿದರೂ ಅಷ್ಟೇ.

ಆಯ್ಕೆ ಕಷ್ಟವಾಗುವುದು ಇದರಿಂದಲೇ. ಕ್ಯಾಮೆರಾ ಆದರೆ ಹೊರಗೆ ತಂದು ಸೂರ್ಯನ ಕಡೆ ತಿರುಗಿಸಿ ನೋಡಬಹುದು. ಎಕ್ಸ್‌ರೇ ಡಿಟೆಕ್ಟರ್ ಮೇಲೆ ಹೋಗುವ ತನಕ ಸೂರ್ಯನನ್ನು ಕಾಣುವುದೇ ಇಲ್ಲ. ಅಲ್ಲಿಯವರೆಗೆ ನಮ್ಮ ಟೇಬಲ್ ಮೇಲೆ ನಾವೇ ಮಾಡಿದ ಪರೀಕ್ಷೆಗಳನ್ನೇ ನಂಬಬೇಕು. ಹಾಗಾಗಿ ನಾನು ಡಿಟೆಕ್ಟರ್‌ಗಳನ್ನು ಹೋಲಿಸುವುದು ಕಂಪನಿಯ ಹಾಳೆಯಲ್ಲಿ ಬರೆದ ಗುಣಗಳಿಂದಲ್ಲ. ನಮ್ಮೂರಿನ ಲ್ಯಾಬಿನಲ್ಲಿ ಯಾವುದನ್ನು ನೆಟ್ಟಗೆ ಪರೀಕ್ಷಿಸಬಹುದು ಅನ್ನುವುದರಿಂದ.

ಮೊದಲು, ಯಾವುದರ ಮೇಲೆ ಹಾರುತ್ತೀರಿ?

ಇದನ್ನು ತೀರ್ಮಾನಿಸದೆ ಡಿಟೆಕ್ಟರ್ ಹುಡುಕಬೇಡಿ. ಬಲೂನ್ ಆದರೆ ಒಂದು ಕಥೆ, ಉಪಗ್ರಹ ಆದರೆ ಇನ್ನೊಂದು.

ಬಲೂನ್ 30 ಕಿಲೋಮೀಟರ್ ಏರಿದರೂ ಅದರ ಮೇಲೆ ಇನ್ನೂ ವಾತಾವರಣದ ನೂರರಲ್ಲಿ ಒಂದು ಪಾಲು ಉಳಿದಿರುತ್ತದೆ. ಒಂದು ಪಾಲು ತಾನೇ ಅನ್ನಿಸಬಹುದು. ಆದರೆ 5 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಎಕ್ಸ್‌ರೇಯ ಶಕ್ತಿ ಅಳೆಯುವ ಮಾನ) ಎಕ್ಸ್‌ರೇಗೆ ಅದು ಗಟ್ಟಿ ಗೋಡೆ. 30 ಕೆಇವಿ ಎಕ್ಸ್‌ರೇಯಲ್ಲಿ ನೂರಕ್ಕೆ ಒಂದೋ ಎರಡೋ ಮಾತ್ರ ತೂರಿ ಬರುತ್ತವೆ. 60 ಕೆಇವಿ ಆದರೆ ಹತ್ತರಷ್ಟು. ಇನ್ನೂ ಹತ್ತು ಕಿಲೋಮೀಟರ್ ಏರಿದರೆ ಪರಿಸ್ಥಿತಿ ಎಷ್ಟೋ ವಾಸಿ, ಆದರೆ ಕಾಲೇಜು ಬಲೂನ್‌ಗಳು ಅಲ್ಲಿಗೆ ಹೋಗುವುದು ಅಪರೂಪ. ಶಾಂತವಾಗಿರುವ ಸೂರ್ಯ ಕೊಡುವ ಎಕ್ಸ್‌ರೇಯೆಲ್ಲ ಕೆಲವೇ ಕೆಇವಿಯದ್ದು. 30ಕ್ಕಿಂತ ಮೇಲಿನದು ದೊಡ್ಡ ಸೌರಜ್ವಾಲೆ ಎದ್ದಾಗ, ವೇಗದ ಎಲೆಕ್ಟ್ರಾನ್‌ಗಳು ಸೂರ್ಯನ ಕೆಳ ಪದರಕ್ಕೆ ಅಪ್ಪಳಿಸಿದಾಗ ಬರುತ್ತದೆ. ಬಲೂನ್ ಮೇಲಿರುವ ಎರಡು ಮೂರು ಗಂಟೆಯಲ್ಲೇ ಅಂಥ ಜ್ವಾಲೆ ಏಳಬೇಕು. ಅದು ಅದೃಷ್ಟದ ಆಟ. ಬಲೂನ್ ಹಾರಿಸಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಸೂರ್ಯನ ಪ್ರಯೋಗ ಅನ್ನಬೇಡಿ, ಡಿಟೆಕ್ಟರ್‌ನ ಪರೀಕ್ಷೆ ಅನ್ನಿ.

ಉಪಗ್ರಹಕ್ಕೆ ಈಗ ಸಣ್ಣ ತಂಡಗಳಿಗೂ ದಾರಿಯಿದೆ. ಪಿಎಸ್‌ಎಲ್‌ವಿಯ ಕೊನೆಯ ಹಂತವನ್ನೇ ಕಕ್ಷೆಯಲ್ಲಿ ಉಳಿಸಿಕೊಂಡು ಪ್ರಯೋಗ ನಡೆಸುವ 'ಪೋಯೆಮ್' ವೇದಿಕೆಯಲ್ಲಿ ಕಾಲೇಜುಗಳ ಪೇಲೋಡ್‌ಗಳೂ ಹೋಗಿವೆ. 2024ರ ಡಿಸೆಂಬರ್ 30ರಂದು ಹಾರಿದ ಪೋಯೆಮ್-4ರಲ್ಲಿ 24 ಪೇಲೋಡ್ ಇದ್ದವು. ಅಲ್ಲಿ ಆಯಸ್ಸು ವಾರಗಳು, ತಿಂಗಳುಗಳ ಲೆಕ್ಕ. ವಿಕಿರಣದಿಂದ ಡಿಟೆಕ್ಟರ್ ಹಾಳಾಗುವ ಚಿಂತೆ ಆಗ ಅರ್ಧಕ್ಕರ್ಧ ಕಡಿಮೆ. ಸ್ವಂತ ಕ್ಯೂಬ್‌ಸ್ಯಾಟ್ (ಪುಟ್ಟ ಪೆಟ್ಟಿಗೆಯಂಥ ಉಪಗ್ರಹ) ಹಾರಿಸಿ ವರ್ಷಗಟ್ಟಲೆ ನಡೆಸುತ್ತೇವೆ ಅನ್ನುವವರು ಆ ಚಿಂತೆ ಪೂರ್ತಿ ಮಾಡಬೇಕು.

ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್, ಅಂದರೆ ಎಸ್‌ಡಿಡಿ

1ರಿಂದ 15 ಕೆಇವಿ ಒಳಗಿನ ಸೂರ್ಯನನ್ನು ನೋಡಬೇಕು, ಮತ್ತು ಉಪಗ್ರಹದ ಮೇಲೆ ನೋಡಬೇಕು ಅಂದರೆ ಇದನ್ನು ಬಿಟ್ಟು ಬೇರೆ ಕಡೆ ಕಣ್ಣು ಹೋಗುವುದು ಕಷ್ಟ. ಎಕ್ಸ್‌ರೇಯ ಒಂದು ಕಣ, ಅಂದರೆ ಫೋಟಾನ್, ಚಿಪ್‌ನ ಯಾವ ಮೂಲೆಗೆ ಬಿದ್ದರೂ ಅದು ಹುಟ್ಟಿಸಿದ ಎಲೆಕ್ಟ್ರಾನ್‌ಗಳನ್ನು ಉಂಗುರದಂಥ ವಿದ್ಯುದ್ವಾರಗಳು ನಡುವಿನ ಒಂದು ಚುಕ್ಕೆಗೆ ತಳ್ಳುತ್ತವೆ. ಮಾಳಿಗೆ ಮೇಲೆ ಎಲ್ಲಿ ಮಳೆ ಬಿದ್ದರೂ ನೀರು ಒಂದೇ ದೋಣಿಗೆ ಹರಿಯುತ್ತದಲ್ಲ, ಹಾಗೆ. ಆ ಚುಕ್ಕೆ ಚಿಕ್ಕದು, ಅದರ ಕೆಪಾಸಿಟೆನ್ಸ್ ಕಡಿಮೆ, ಹಾಗಾಗಿ ಸಂಕೇತದಲ್ಲಿ ಸೇರುವ ಗದ್ದಲವೂ (ನಾಯ್ಸ್) ಕಡಿಮೆ. ಯಾವ ಶಕ್ತಿಯ ಫೋಟಾನ್ ಎಷ್ಟು ಬಂತು ಅನ್ನುವ ಚಿತ್ರದಲ್ಲಿ, ಅಂದರೆ ಸ್ಪೆಕ್ಟ್ರಮ್‌ನಲ್ಲಿ, ಒಂದೇ ಶಕ್ತಿಯ ಫೋಟಾನ್‌ಗಳು ಒಂದು ಗೆರೆಯಾಗಿ ಕಾಣುತ್ತವೆ. ಗೆರೆ ತೆಳುವಾದಷ್ಟೂ ಒಳ್ಳೆಯದು. 5.9 ಕೆಇವಿಯಲ್ಲಿ ಆ ಗೆರೆಯ ಅಗಲಕ್ಕೆ ಸಿಲಿಕಾನ್‌ನಲ್ಲಿ ಪ್ರಕೃತಿಯೇ ಹಾಕಿದ ಮಿತಿ ಸುಮಾರು 120 ಇವಿ (ಸಾವಿರ ಇವಿ ಸೇರಿದರೆ ಒಂದು ಕೆಇವಿ). ಒಳ್ಳೆಯ ಎಸ್‌ಡಿಡಿಗಳು ಅದರ ಹತ್ತಿರಕ್ಕೇ ಹೋಗುತ್ತವೆ.

ಹಾರಿ ತೋರಿಸಿದ ಉದಾಹರಣೆಗಳಿಗೂ ಬರವಿಲ್ಲ. ಚಂದ್ರಯಾನ-2ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ (ಪಿಆರ್‌ಎಲ್) ಮಾಡಿದ ಸೂರ್ಯನ ಎಕ್ಸ್‌ರೇ ಮಾಪಕ ಎಕ್ಸ್‌ಎಸ್‌ಎಂ ಇದನ್ನೇ ಬಳಸಿತು. ಆದಿತ್ಯ-ಎಲ್1ರ ಸೋಲೆಕ್ಸ್ ಉಪಕರಣದಲ್ಲೂ ಇದೇ. ನಮಗೆ ಇನ್ನೂ ಹತ್ತಿರದ ಉದಾಹರಣೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಮಿನ್‌ಎಕ್ಸ್‌ಎಸ್‌ಎಸ್. ಹತ್ತು, ಹತ್ತು, ಮೂವತ್ತು ಸೆಂಟಿಮೀಟರ್ ಅಳತೆಯ ಕ್ಯೂಬ್‌ಸ್ಯಾಟ್ ಅದು, ವಿದ್ಯಾರ್ಥಿಗಳ ಕೈ ಜಾಸ್ತಿ ಇದ್ದ ಕೆಲಸ. 2016ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹೊರಬಿಟ್ಟರು. ಅದರೊಳಗಿದ್ದದ್ದು ಲ್ಯಾಬ್‌ಗಳಿಗೆ ಮಾರುವ ರೆಡಿಮೇಡ್ ಎಸ್‌ಡಿಡಿ ಪೆಟ್ಟಿಗೆಯೇ. ಆಂಪ್ಲಿಫಯರ್, ವಿದ್ಯುತ್ ಸರಬರಾಜು ಎಲ್ಲ ಸೇರಿ ಆ ಪೆಟ್ಟಿಗೆಯ ಲ್ಯಾಬ್ ಮಾದರಿ 180 ಗ್ರಾಂ ತೂಗುತ್ತದೆ, ಎರಡೂವರೆ ವಾಟ್‌ನಷ್ಟು ಕರೆಂಟ್ ತಿನ್ನುತ್ತದೆ. ಅದೇ ಸಾಲಿನ ಮುಂದಿನ ಉಪಕರಣ ತಿರುವನಂತಪುರದ ಐಐಎಸ್‌ಟಿ ವಿದ್ಯಾರ್ಥಿಗಳೂ ಕೈಜೋಡಿಸಿದ್ದ ಇನ್‌ಸ್ಪೈರ್‌ಸ್ಯಾಟ್-1ರಲ್ಲಿ ಕೂತು, 2022ರ ಫೆಬ್ರುವರಿ 14ರಂದು ನಮ್ಮ ಪಿಎಸ್‌ಎಲ್‌ವಿ ಮೇಲೆಯೇ ಹೋಯಿತು.

ಇದರ ತೊಂದರೆ ಎರಡು. ಒಂದು ಬೆಲೆ: ವಿದೇಶದಿಂದ ತರಿಸಬೇಕು, ಲಕ್ಷಗಳ ಮಾತು. ಇನ್ನೊಂದು ತಂಪು. ಒಳಗಿನ ಪುಟ್ಟ ಪೆಲ್ಟಿಯರ್ (ಕರೆಂಟ್ ಕೊಟ್ಟರೆ ಒಂದು ಬದಿ ತಂಪಾಗಿ ಇನ್ನೊಂದು ಬದಿ ಬಿಸಿಯಾಗುವ ತುಣುಕು) ಡಿಟೆಕ್ಟರ್‌ನ ಚಿಪ್ಪನ್ನು ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗೆ ಇಡುತ್ತದೆ. ಆದರೆ ಪೆಲ್ಟಿಯರ್ ಎರಡು ಬದಿಗಳ ನಡುವೆ ಉಷ್ಣತೆಯ ವ್ಯತ್ಯಾಸ ಮಾಡುತ್ತದೆ ಅಷ್ಟೇ. ಬಿಸಿಯ ಬದಿ 20 ಡಿಗ್ರಿ ಇದ್ದಾಗ ಸಿಕ್ಕ ತಂಪು, ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಅದೇ ಬದಿ 40 ಆದಾಗ ಸಿಗುವುದಿಲ್ಲ. ಗದ್ದಲ ಹೆಚ್ಚಿಸುವ ಸಿಲಿಕಾನ್‌ನ ಸೋರಿಕೆ ಕರೆಂಟ್ ಏಳೆಂಟು ಡಿಗ್ರಿ ಏರಿದರೆ ದುಪ್ಪಟ್ಟಾಗುತ್ತದೆ. ಕಂಪನಿಯ ಹಾಳೆಯಲ್ಲಿ ಬರೆದ 130 ಇವಿ ಎಸಿ ರೂಮಿನದು. ನಿಮ್ಮ ಉಪಗ್ರಹದ ಒಳಗೆ ಎಸಿ ಇಲ್ಲ.

ನಮ್ಮ ಸೆಖೆ ಇಲ್ಲಿ ಉಪಕಾರಕ್ಕೇ ಬರುತ್ತದೆ ಅಂತ ನನ್ನ ಅನಿಸಿಕೆ. ಎಸಿ ಆಫ್ ಮಾಡಿ ಅಳೆಯಿರಿ. ಫ್ಯಾನ್ ಖಂಡಿತ ಆಫ್ ಮಾಡಿ. ಮೇಲೆ ಗಾಳಿಯೇ ಇಲ್ಲದಿರುವಾಗ ಫ್ಯಾನ್ ಕೊಟ್ಟ ತಂಪು ಸುಳ್ಳು ತಂಪು. ಬಿಸಿಯೆಲ್ಲ ಅಲ್ಯೂಮಿನಿಯಂ ಗೋಡೆಯ ಮೂಲಕವೇ ಹೋಗಬೇಕು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಗೋಡೆಯ ಉಷ್ಣತೆಯನ್ನೂ ಗೆರೆಯ ಅಗಲವನ್ನೂ ಬರೆದಿಟ್ಟರೆ, ದುಡ್ಡು ಕೊಟ್ಟು ಮಾಡಿಸುವ ಪರೀಕ್ಷೆಗೆ ಮುಂಚೆಯೇ ಅರ್ಧ ವಿಷಯ ಗೊತ್ತಾಗಿರುತ್ತದೆ.

ಜ್ವಾಲೆ ಎದ್ದಾಗ ಏನು ಗತಿ?

ಎಸ್‌ಡಿಡಿ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ ಇದು. ಸೌರಜ್ವಾಲೆಗಳನ್ನು ಎ, ಬಿ, ಸಿ, ಎಂ, ಎಕ್ಸ್ ಎಂದು ಅಳೆಯುತ್ತಾರೆ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು. ಎ ಇಂದ ಎಕ್ಸ್‌ಗೆ ಹೋದರೆ ಹತ್ತು ಸಾವಿರ ಪಟ್ಟು. ಡಿಟೆಕ್ಟರ್ ಮುಂದೆ ಶಾಂತ ಸೂರ್ಯನಿಗೆ ಸರಿಹೋಗುವಷ್ಟು ದೊಡ್ಡ ಕಿಂಡಿ ಇಟ್ಟರೆ ಎಕ್ಸ್ ಜ್ವಾಲೆಯಲ್ಲಿ ಫೋಟಾನ್‌ಗಳು ಒಂದರ ಮೇಲೊಂದು ಬೀಳುತ್ತವೆ. 3.3 ಕೆಇವಿಯ ಎರಡು ಒಟ್ಟಿಗೆ ಬಂದರೆ ಡಿಟೆಕ್ಟರ್ ಅದನ್ನು 6.6 ಅಂತ ಬರೆದುಕೊಳ್ಳುತ್ತದೆ. ಜ್ವಾಲೆಯಲ್ಲಿ ಕಬ್ಬಿಣದ ಗೆರೆ ಇರುವುದು 6.7ರಲ್ಲಿ. ಇಲ್ಲದ ಕಬ್ಬಿಣ ಕಂಡಂತಾಗುತ್ತದೆ!

ಇದಕ್ಕೆ ಎರಡು ಪರಿಹಾರಗಳು ನಮ್ಮ ದೇಶದಲ್ಲೇ ಹಾರಿವೆ. ಸೋಲೆಕ್ಸ್‌ನಲ್ಲಿ ಎರಡು ಎಸ್‌ಡಿಡಿ ಇವೆ. ಒಂದರ ಕಿಂಡಿ 7.1 ಚದರ ಮಿಲಿಮೀಟರ್, ಇನ್ನೊಂದರದು ಬರೀ 0.1. ಎಕ್ಸ್‌ಎಸ್‌ಎಂ ಒಂದೇ ಡಿಟೆಕ್ಟರ್ ಇಟ್ಟುಕೊಂಡು, ಎಣಿಕೆ ಮಿತಿ ಮೀರಿದಾಗ ಅದರ ಮುಂದೆ ಬೆರಿಲಿಯಂ ತಗಡನ್ನು ತಂದು ನಿಲ್ಲಿಸುತ್ತದೆ. ಕಾಲೇಜು ತಂಡಕ್ಕೆ ನಾನು ಮೊದಲನೆಯದನ್ನೇ ಹೇಳುವುದು. ಅಲುಗಾಡುವ ಭಾಗ ಅಂದರೆ ಮೋಟಾರು, ಗ್ರೀಸು, ಸಿಕ್ಕಿಬೀಳುವ ಭಯ. ಎರಡನೇ ಡಿಟೆಕ್ಟರ್‌ಗೆ ದುಡ್ಡಿಲ್ಲದಿದ್ದರೆ ಸಣ್ಣ ಕಿಂಡಿ ಒಂದನ್ನೇ ಇಟ್ಟು, ಶಾಂತ ಸೂರ್ಯ ಬೇಡ, ಜ್ವಾಲೆ ಮಾತ್ರ ಸಾಕು ಅಂದುಕೊಳ್ಳಿ.

ಕಿಂಡಿ ಕೊರೆಸುವಾಗ ಒಂದು ಎಚ್ಚರ. ಪಿ.ಬಿ. ರಸ್ತೆಯ ಲೇತ್ ಅಂಗಡಿಯಲ್ಲಿ ಸೀಸದ ಬಿಲ್ಲೆಗೆ ತೂತು ಹಾಕಿಸಿದರೆ ಅಗ್ಗವಾಗಿ ಆಗುತ್ತದೆ ನಿಜ. ಆದರೆ ಎಕ್ಸ್‌ರೇ ಬಿದ್ದ ಸೀಸ ತಾನೇ 10.5 ಮತ್ತು 12.6 ಕೆಇವಿಯಲ್ಲಿ ಹೊಳೆಯುತ್ತದೆ, ಆ ಗೆರೆಗಳು ನಿಮ್ಮ ದತ್ತಾಂಶದಲ್ಲಿ ಕೂರುತ್ತವೆ. ಭಾರದ ಲೋಹದ ಹಿಂದೆ, ಡಿಟೆಕ್ಟರ್ ಇರುವ ಕಡೆಗೆ, ತಾಮ್ರ, ಅದರ ಹಿಂದೆ ಅಲ್ಯೂಮಿನಿಯಂ ಪದರ ಕೊಡಿಸಿ. ಒಂದರ ಹೊಳಪನ್ನು ಅದರ ಹಿಂದಿನ ಪದರ ನುಂಗುತ್ತದೆ.

ಉಳಿದ ಸಿಲಿಕಾನ್ ಬಳಗ

ಸಿಲಿಕಾನ್ ಪಿನ್ ಡಿಟೆಕ್ಟರ್ ಎಸ್‌ಡಿಡಿಗಿಂತ ಹಳೆಯದು, ಅಗ್ಗ. 2003ರಲ್ಲಿ ಜಿಸ್ಯಾಟ್-2ರ ಮೇಲೆ ಹೋದ ಪಿಆರ್‌ಎಲ್‌ನ ಸಾಕ್ಸ್ ಉಪಕರಣದಲ್ಲಿ ಇದೇ ಇತ್ತು. ಚಂದ್ರಯಾನ-1ರ ಸೂರ್ಯ ವೀಕ್ಷಕದಲ್ಲೂ ಇದೇ. ಚಿಪ್ ದೊಡ್ಡದಾದಷ್ಟೂ ಗದ್ದಲ ಜಾಸ್ತಿ. ಸಂಕೇತ ನಿಧಾನ, ಹಾಗಾಗಿ ಜ್ವಾಲೆಯಲ್ಲಿ ಬೇಗ ಉಸಿರುಗಟ್ಟುತ್ತದೆ. ಎಸ್‌ಡಿಡಿಗೆ ದುಡ್ಡು ಸಾಲದಿದ್ದರೆ ಇದು ನಾಚಿಕೆಪಡುವಂಥ ಆಯ್ಕೆ ಏನಲ್ಲ. ಪರೀಕ್ಷೆಯ ವಿಧಾನವೂ ಎರಡಕ್ಕೂ ಒಂದೇ.

ಎರಡಕ್ಕೂ ಇರುವ ಗಡಿ ಒಂದೇ: ದಪ್ಪ. ಅರ್ಧ ಮಿಲಿಮೀಟರ್ ಸಿಲಿಕಾನ್ 10 ಕೆಇವಿಯ ಫೋಟಾನ್‌ಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿಯುತ್ತದೆ. 20ರಲ್ಲಿ ನೂರಕ್ಕೆ ನಲವತ್ತು, 30ರಲ್ಲಿ ಹದಿನೈದು. ಬಲೂನ್‌ಗೆ ಎಸ್‌ಡಿಡಿ ಕಟ್ಟುವ ತಂಡಗಳಿಗೆ ಈ ಲೆಕ್ಕ ತೋರಿಸಬೇಕು. ಗಾಳಿ ಬಿಟ್ಟುಕೊಡುವ ಫೋಟಾನನ್ನು ಚಿಪ್ ಹಿಡಿಯುವುದಿಲ್ಲ, ಚಿಪ್ ಹಿಡಿಯುವುದನ್ನು ಗಾಳಿ ಬಿಡುವುದಿಲ್ಲ.

ಇನ್ನು ಬರೀ ಫೋಟೊಡಯೋಡ್. ಮುಂದೆ ಬೆರಿಲಿಯಂ ತಗಡು, ಹಿಂದೆ ಕರೆಂಟ್ ಅಳೆಯುವ ಸರ್ಕ್ಯೂಟ್. ಸ್ಪೆಕ್ಟ್ರಮ್ ಬರುವುದಿಲ್ಲ, ಎಷ್ಟು ಬೆಳಕು ಅನ್ನುವುದಷ್ಟೇ ಬರುತ್ತದೆ. ಸುಮ್ನೆ ತಳ್ಳಿಹಾಕಬೇಡಿ. ಜಗತ್ತೇ ಜ್ವಾಲೆಗಳಿಗೆ ಎ, ಬಿ, ಸಿ ಹೆಸರು ಕೊಡುವುದು ಅಮೆರಿಕದ ಗೋಸ್ ಉಪಗ್ರಹಗಳ ಅಳತೆಯಿಂದ, ಮತ್ತು ಗೋಸ್-16ರಿಂದೀಚೆಗೆ ಅದರಲ್ಲಿರುವುದು ಸಿಲಿಕಾನ್ ಫೋಟೊಡಯೋಡುಗಳೇ. ಎರಡು ಬೇರೆ ಬೇರೆ ತರಂಗ ಪಟ್ಟಿಗಳ ಅನುಪಾತದಿಂದ ಜ್ವಾಲೆಯ ಉಷ್ಣತೆಯ ಅಂದಾಜೂ ಸಿಗುತ್ತದೆ. ಮೊದಲ ವರ್ಷದ ಹುಡುಗರಿಗೆ ಕೈ ಪಳಗಿಸಲು ಬಿಪಿಡಬ್ಲ್ಯೂ34ರಂಥ ಸಾಧಾರಣ ಡಯೋಡ್ ಕೊಡಿ. ಒಂದು ಊಟದ ದುಡ್ಡಿಗೆ ಸಿಗುತ್ತದೆ, ಸುಟ್ಟರೂ ಯಾರೂ ಅಳುವುದಿಲ್ಲ.

30 ಕೆಇವಿ ಮೇಲಿನದು ಬೇಕೆಂದರೆ

ಇಲ್ಲಿ ಸಿಲಿಕಾನ್ ಬಿಟ್ಟು ಭಾರದ ವಸ್ತುಗಳಿಗೆ ಬರಬೇಕು. ಕ್ಯಾಡ್ಮಿಯಂ ಟೆಲ್ಯುರೈಡ್ ಒಂದು ಮಿಲಿಮೀಟರ್ ದಪ್ಪವಿದ್ದರೆ 60 ಕೆಇವಿಯನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿಯುತ್ತದೆ. ಗೆರೆಯೂ ಚೊಕ್ಕ, ಅಗಲ ಒಂದು ಕೆಇವಿ ಆಸುಪಾಸು. ಆದಿತ್ಯ-ಎಲ್1ರ ಹೀಲಿಯೋಸ್ ಇದನ್ನೂ ಇದರ ಅಣ್ಣ ಸಿಝಡ್‌ಟಿಯನ್ನೂ (ಕ್ಯಾಡ್ಮಿಯಂ ಝಿಂಕ್ ಟೆಲ್ಯುರೈಡ್) ಬಳಸುತ್ತದೆ. ಯುರೋಪಿನ ಸೋಲಾರ್ ಆರ್ಬಿಟರ್ ಮೇಲಿನ ಸ್ಟಿಕ್ಸ್‌ನಲ್ಲೂ ಇದೇ ಇದೆ. ಆದರೆ ಇದು ಮುನಿಸಿಕೊಳ್ಳುವ ಜಾತಿ. ವೋಲ್ಟೇಜ್ ಕೊಟ್ಟು ಬಿಟ್ಟರೆ ಹೊತ್ತು ಹೋದಂತೆ ಒಳಗೆ ಚಾರ್ಜ್ ಕೂತು ಗೆರೆ ಜರುಗತೊಡಗುತ್ತದೆ. ತಂಪಾಗಿಡಬೇಕು, ಆಗಾಗ ವೋಲ್ಟೇಜ್ ಆಫ್ ಮಾಡಿ ಮತ್ತೆ ಕೊಡಬೇಕು. ವೋಲ್ಟೇಜೂ ಕೆಲವು ನೂರು.

ಆ ಕೆಲವು ನೂರು ವೋಲ್ಟೇ ನನ್ನ ದೊಡ್ಡ ತಕರಾರು. ಗಾಳಿ ತೆಳುವಾದಾಗ ಕಿಡಿ ಹಾರುವುದು ಸುಲಭ. ಗಾಳಿಯಲ್ಲಿ ಕಿಡಿಗೆ ಬೇಕಾದ ಕನಿಷ್ಠ ವೋಲ್ಟೇಜ್ ಸುಮಾರು 330. ಬಲೂನ್ ಇರುವ 30 ಕಿಲೋಮೀಟರ್ ಎತ್ತರದಲ್ಲಿ ಒತ್ತಡ ಸುಮಾರು 12 ಮಿಲಿಬಾರ್. ಅಲ್ಲಿ ಆ ಕನಿಷ್ಠ ಬರುವುದು ಅರ್ಧ ಮಿಲಿಮೀಟರ್ ಚಿಲ್ಲರೆ ಅಂತರಕ್ಕೆ, ಅಂದರೆ ಸರ್ಕ್ಯೂಟ್ ಬೋರ್ಡಿನ ಪಿನ್‌ಗಳ ನಡುವಿನ ಅಂತರಕ್ಕೆ! ನಮ್ಮ ಲ್ಯಾಬ್‌ಗಳ ರೋಟರಿ ಪಂಪ್ ಮತ್ತು ಗಾಜಿನ ಜಾಡಿಯಲ್ಲೂ ಒತ್ತಡ ಇದೇ ಅಪಾಯದ ಪಟ್ಟಿಯನ್ನು ದಾಟಿಕೊಂಡೇ ಇಳಿಯುತ್ತದೆ. ಎಸ್‌ಡಿಡಿಗೆ ಬೇಕಾಗುವುದು ಇನ್ನೂರರೊಳಗೆ. ಅದು ಈ ಪರೀಕ್ಷೆಯಲ್ಲಿ ಆರಾಮಾಗಿ ಪಾರಾಗುತ್ತದೆ. ಬೆಳಕಿನ ಸಣ್ಣ ಮಿಣುಕನ್ನೂ ಹಿಗ್ಗಿಸಿ ಅಳೆಯುವ, ಸಾವಿರ ವೋಲ್ಟ್ ಬೇಡುವ ಫೋಟೊಮಲ್ಟಿಪ್ಲಯರ್ ನಳಿಗೆಯನ್ನು ನಿರ್ವಾತಕ್ಕೆ ಒಯ್ಯುವ ಮಾತೇ ಬೇಡ. ಅದರ ಜೊತೆ ಬರುವ ಸೋಡಿಯಂ ಅಯೋಡೈಡ್ ಹರಳು ಮಳೆಗಾಲದ ತೇವ ಕುಡಿದು ಹಳದಿಯಾಗುತ್ತದೆ, ಅದು ಬೇರೆ.

ಇದಕ್ಕೇ ಬಲೂನ್ ತಂಡಗಳಿಗೆ ನಾನು ಹೇಳುವುದು ಸೀಸಿಯಂ ಅಯೋಡೈಡ್ ಹರಳು, ಅದರ ಬೆನ್ನಿಗೆ ಸಿಲಿಕಾನ್ ಫೋಟೊಮಲ್ಟಿಪ್ಲಯರ್ ಚಿಪ್. ಹರಳು ಎಕ್ಸ್‌ರೇಯನ್ನು ಬೆಳಕಿನ ಮಿಣುಕಾಗಿ ಮಾಡುತ್ತದೆ, ಚಿಪ್ ಅದನ್ನು ಎಣಿಸುತ್ತದೆ. ವೋಲ್ಟೇಜ್ ಮೂವತ್ತರಿಂದ ಐವತ್ತು ಚಿಲ್ಲರೆ, ಕಿಡಿಯ ಭಯವೇ ಇಲ್ಲ. ಗೆರೆ ದಪ್ಪ, 60 ಕೆಇವಿಯಲ್ಲಿ ಅಗಲ ಹತ್ತು ಕೆಇವಿಯ ಮೇಲೇ ಹೋಗಬಹುದು. ಆದರೆ ಜ್ವಾಲೆಯ ಸ್ಪೆಕ್ಟ್ರಮ್‌ನ ಹೆಚ್ಚು ಕೆಇವಿಯ ಭಾಗದಲ್ಲಿ ಚೂಪು ಗೆರೆಗಳಿಲ್ಲ, ನುಣುಪಾದ ಇಳಿಜಾರು ಮಾತ್ರ, ಹಾಗಾಗಿ ಅಷ್ಟು ಚಿಂತೆಯಿಲ್ಲ. ಎರಡು ಕಾಯಿಲೆಗಳನ್ನು ಮೊದಲೇ ತಿಳಿದಿರಿ. ಉಷ್ಣತೆ ಏರಿದರೆ ಗೇನ್ (ಸಂಕೇತ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು) ಇಳಿಯುತ್ತದೆ, ವೋಲ್ಟೇಜ್ ಅದಕ್ಕೆ ತಕ್ಕಂತೆ ತಾನಾಗಿ ಏರಬೇಕು. ಕಕ್ಷೆಯಲ್ಲಿ ಪ್ರೋಟಾನ್ ಏಟು ಬಿದ್ದಂತೆ ಕತ್ತಲೆ ಎಣಿಕೆ, ಅಂದರೆ ಬೆಳಕೇ ಇಲ್ಲದಾಗಲೂ ಬರುವ ಸುಳ್ಳು ಎಣಿಕೆ, ಹೆಚ್ಚುತ್ತಲೇ ಹೋಗುತ್ತದೆ. 2021ರ ಮಾರ್ಚ್‌ನಲ್ಲಿ ಹಾರಿದ ಜಿಆರ್‌ಬಿಆಲ್ಫಾ ಅನ್ನುವ ಪುಟ್ಟ ಕ್ಯೂಬ್‌ಸ್ಯಾಟ್ ಇದೇ ಜೋಡಿಯನ್ನು ಬಳಸಿ ಕೆಲಸ ಮಾಡಿ ತೋರಿಸಿತು, ಈ ಸವೆತವನ್ನೂ ತೋರಿಸಿತು. ಪೋಯೆಮ್‌ನಂಥ ಕೆಲವು ತಿಂಗಳ ಹಾರಾಟಕ್ಕೆ ತಡೆದುಕೊಳ್ಳುತ್ತದೆ.

ಜರ್ಮೇನಿಯಂ? ಸೂರ್ಯನನ್ನು ನೋಡಲು ಹೋದ ನಾಸಾದ ರೆಸ್ಸಿ ಉಪಗ್ರಹದಲ್ಲಿ ಒಂಬತ್ತು ಇದ್ದವು, 75 ಕೆಲ್ವಿನ್‌ಗೆ ತಂಪು ಮಾಡಲು ಯಂತ್ರವೇ ಬೇಕಾಯಿತು. ಹಗುರ ಅನ್ನುವ ಮಾತಿಗೆ ಅಲ್ಲಿಗೆ ಪೂರ್ಣವಿರಾಮ.

ಟೇಬಲ್ ಮೇಲೆ ಏನೇನು ಪರೀಕ್ಷಿಸಬಹುದು

ಪರೀಕ್ಷೆಗೆ ಗೊತ್ತಿರುವ ಕೆಇವಿಯ ಎಕ್ಸ್‌ರೇ ಕೊಡುವ ವಿಕಿರಣಶೀಲ ವಸ್ತು, ಅಂದರೆ ಮೂಲ, ಬೇಕು. ಸಿಲಿಕಾನ್‌ಗೆ ಕಬ್ಬಿಣ-55, 5.9 ಮತ್ತು 6.5 ಕೆಇವಿ. ಭಾರದ ಡಿಟೆಕ್ಟರ್‌ಗಳಿಗೆ ಅಮೆರಿಸಿಯಂ-241, 59.5 ಕೆಇವಿ. ಗಾಮಾ ಪ್ರಯೋಗ ಇರುವ ಎಂಎಸ್ಸಿ ಲ್ಯಾಬ್‌ನಲ್ಲಿ ಸೀಸಿಯಂ-137 ಇದ್ದೇ ಇರುತ್ತದೆ. ಎಲ್ಲರೂ ಅದರ 662 ಕೆಇವಿ ಗೆರೆಯನ್ನೇ ನೋಡುತ್ತಾರೆ, ಕೆಳಗೆ 32 ಕೆಇವಿಯಲ್ಲಿ ಬೇರಿಯಂನ ಎಕ್ಸ್‌ರೇ ಗೆರೆ ಇರುವುದನ್ನು ಯಾರೂ ಗಮನಿಸುವುದಿಲ್ಲ. ಸೀಸಿಯಂ ಅಯೋಡೈಡ್ ಜೋಡಿಯ ಕೆಳಮಿತಿ ಅಳೆಯಲು ಅದು ಚೆನ್ನಾಗಿದೆ. ಅಮೆರಿಸಿಯಂ ಬೇಕೆಂದು ಹಳೆಯ ಹೊಗೆ ಅಲಾರಂ ಬಿಚ್ಚುವ ಕೆಲಸ ಮಾತ್ರ ಮಾಡಬೇಡಿ. ವಿಕಿರಣ ಮೂಲಗಳಿಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನಿಯಮಗಳಿವೆ. ಕಾಲೇಜಿನ ಹೆಸರಿನಲ್ಲಿ, ಕಾಗದಪತ್ರ ಸಮೇತ ತರಿಸಿ.

ಕಬ್ಬಿಣ-55 ಒಂದಿದ್ದರೆ ಉಳಿದ ಗೆರೆಗಳನ್ನು ಕ್ಲಾಸ್‌ರೂಮಿನ ಸಾಮಾನಿನಿಂದಲೇ ತರಬಹುದು. ಬೋರ್ಡ್ ಮೇಲೆ ಬರೆಯುವ ಚಾಕ್‌ಪೀಸ್ ಸಾಮಾನ್ಯವಾಗಿ ಜಿಪ್ಸಂನದು. ಮೂಲದ ಎದುರು ಇಟ್ಟರೆ ಕ್ಯಾಲ್ಸಿಯಂ 3.69ರಲ್ಲಿ, ಗಂಧಕ 2.31ರಲ್ಲಿ ಹೊಳೆಯುತ್ತವೆ. ಅಡುಗೆ ಉಪ್ಪಿನ ಕ್ಲೋರಿನ್ 2.62ರಲ್ಲಿ. ಜ್ವಾಲೆಯಲ್ಲೂ ಕ್ಯಾಲ್ಸಿಯಂ, ಗಂಧಕದ ಗೆರೆಗಳು ಇದರ ಹತ್ತಿರದಲ್ಲೇ ಬರುತ್ತವೆ, ಹಾಗಾಗಿ ಇದು ಆಟವಲ್ಲ, ನಿಜವಾದ ಪರೀಕ್ಷೆ. ಡಿಟೆಕ್ಟರ್ ಮತ್ತು ಚಾಕ್ ನಡುವೆ ಗಾಳಿ ಕಡಿಮೆ ಇರಲಿ. 2 ಕೆಇವಿಯ ಫೋಟಾನ್‌ಗಳು ಒಂದು ಸೆಂಟಿಮೀಟರ್ ಗಾಳಿಯಲ್ಲೇ ಅರ್ಧದಷ್ಟು ಸತ್ತುಹೋಗುತ್ತವೆ. 2.96ರಲ್ಲಿ ಯಾರೂ ಇಡದ ಗೆರೆ ಕಂಡರೆ ಗಾಬರಿಯಾಗಬೇಡಿ, ಅದು ಗಾಳಿಯಲ್ಲಿರುವ ಆರ್ಗಾನ್. ಜಾಡಿಯಲ್ಲಿಟ್ಟು ಪಂಪ್ ಮಾಡಿದಾಗ ಆ ಗೆರೆ ಮಾಯವಾದರೆ ನಿಮ್ಮ ನಿರ್ವಾತವೂ ಪರೀಕ್ಷೆಯಾದಂತೆ. ಪಂಪನ್ನು ಮೆಲ್ಲಗೆ ತೆರೆಯಿರಿ, ಗಾಳಿಯನ್ನೂ ಮೆಲ್ಲಗೆ ಬಿಡಿ. ಬೆರಿಲಿಯಂ ಕಿಟಕಿ ಕಾಗದಕ್ಕಿಂತ ತೆಳು, ಒಡೆದ ಚೂರು ವಿಷ. ಬೆರಳು ತಾಗಿಸಬೇಡಿ.

ಬಿಸಿಲಿಗೂ ಒಂದು ಕೆಲಸವಿದೆ. ಎಕ್ಸ್‌ರೇ ಸಿಗದಿದ್ದರೂ ಕಣ್ಣಿಗೆ ಕಾಣುವ ಬೆಳಕು ಧಾರಾಳವಾಗಿ ಸಿಗುತ್ತದಲ್ಲ. ಮೂಲವನ್ನು ಎದುರಿಗಿಟ್ಟುಕೊಂಡೇ ಡಿಟೆಕ್ಟರನ್ನು ಮಧ್ಯಾಹ್ನದ ಸೂರ್ಯನಿಗೆ ತಿರುಗಿಸಿ. ಗೆರೆ ಅಗಲವಾದರೆ ಕಿಟಕಿಯಲ್ಲಿ ಸೂಜಿಮೊನೆಯಷ್ಟು ತೂತಿದೆ ಎಂದರ್ಥ. ಇದನ್ನು ಕೆಳಗೇ ಕಂಡುಹಿಡಿಯುವುದು ಒಳ್ಳೆಯದು. ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾದಾಗಲೂ ಒಂದು ಸ್ಪೆಕ್ಟ್ರಮ್ ತೆಗೆದಿಡಿ. ಗದ್ದಲ ಜಿಗಿದರೆ ನಿಮ್ಮ ಗ್ರೌಂಡಿಂಗ್ ಸರಿಯಿಲ್ಲ. ಬ್ಯಾಟರಿಯ ಮೇಲೆಯೇ ಅಳೆಯುವುದು ಇನ್ನೂ ಉತ್ತಮ, ಮೇಲೆ ಇರುವುದೂ ಅದೇ.

ಕಂಪನದ ಪರೀಕ್ಷೆ, ಉಷ್ಣ ನಿರ್ವಾತದ ಪರೀಕ್ಷೆ ಇಲ್ಲಿ ಆಗುವುದಿಲ್ಲ, ಬೆಂಗಳೂರಿಗೆ ಒಯ್ಯಲೇಬೇಕು. ಹೋಗುವ ಮುಂಚೆ ಒಂದು ಕಬ್ಬಿಣ-55 ಸ್ಪೆಕ್ಟ್ರಮ್, ಬಂದ ಮೇಲೆ ಅದೇ ಜಾಗ, ಅದೇ ಉಷ್ಣತೆಯಲ್ಲಿ ಇನ್ನೊಂದು. ಎರಡೂ ಒಂದರ ಮೇಲೊಂದು ಕೂತರೆ ಸಾಕು.

ನನ್ನನ್ನು ಕೇಳಿದರೆ

ಪೋಯೆಮ್ ಅಥವಾ ಕ್ಯೂಬ್‌ಸ್ಯಾಟ್‌ಗೆ ಎಸ್‌ಡಿಡಿ, ಸಣ್ಣ ಕಿಂಡಿ. ದುಡ್ಡು ಅರ್ಧವೇ ಇದ್ದರೆ ಪಿನ್. ಬಲೂನ್‌ಗೆ ಸೀಸಿಯಂ ಅಯೋಡೈಡ್ ಜೋಡಿ. ಕ್ಯಾಡ್ಮಿಯಂ ಟೆಲ್ಯುರೈಡ್‌ಗೆ ಕೈ ಹಾಕುವುದು, ಹೆಚ್ಚು ವೋಲ್ಟೇಜನ್ನು ನಿರ್ವಾತದಲ್ಲಿ ಪಳಗಿಸಿದ ದೊಡ್ಡ ಸಂಸ್ಥೆಯೊಂದು ಜೊತೆಗಿದ್ದರೆ ಮಾತ್ರ.

ತರಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ಕಬ್ಬಿಣ-55ರ ಅರ್ಧಾಯುಷ್ಯ 2.7 ವರ್ಷ. ಡಿಟೆಕ್ಟರ್ ಬರಲು ವರ್ಷ ಹಿಡಿದರೆ ಕಪಾಟಿನಲ್ಲಿಟ್ಟ ಮೂಲ ಕಾಲುಭಾಗ ಕರಗಿರುತ್ತದೆ. ಅನುಮತಿಯ ಅರ್ಜಿಯನ್ನು ಇವತ್ತೇ ಹಾಕಿ, ಡಿಟೆಕ್ಟರ್ ಆರ್ಡರ್ ಮಾಡಿ, ಅದು ಕಸ್ಟಮ್ಸ್‌ನಿಂದ ಹೊರಬಿದ್ದ ಸುದ್ದಿ ಬಂದ ಮೇಲೆ ಮೂಲ ತರಿಸಿ.